ಮೂಲೆ ಮಡಚಿದ ಚೀಟಿ

ನಮ್ಮ ರಾಯದುರ್ಗದ ಪುಟ್ಟ ಕ್ರೈಸ್ತ ಸಭೆಗೆ ಹೊಸ ವರ್ಷದಲ್ಲಿ ದೇವರು ಏನು ಹೇಳಬೇಕೆಂಬುದನ್ನು ಡಿಸೆಂಬರಿನಲ್ಲಿ ನಾನೇ ತೀರ್ಮಾನಿಸುತ್ತೇನೆ. ಜಂಬದ ಮಾತಲ್ಲ. ನಿವೃತ್ತ ಮೇಷ್ಟ್ರು, ಅಕ್ಷರ ದುಂಡಗಿದೆ, ಹಾಗಾಗಿ ವಾಗ್ದಾನದ ಚೀಟಿ ಬರೆಯುವ ಕೆಲಸ ನನಗೆ ಅಂಟಿಕೊಂಡಿದೆ. ಸತ್ಯವೇದದ ಒಂದೊಂದು ವಾಕ್ಯವನ್ನು ಒಂದು ಬದಿ ಕನ್ನಡದಲ್ಲಿ, ಇನ್ನೊಂದು ಬದಿ ತೆಲುಗಿನಲ್ಲಿ ಬರೆದು ತಟ್ಟೆಯಲ್ಲಿಡುತ್ತೇನೆ. ಜನವರಿ ಒಂದರ ಬೆಳಗಿನ ಆರಾಧನೆಯಾದ ಮೇಲೆ ಒಬ್ಬೊಬ್ಬರೂ ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಳ್ಳುತ್ತಾರೆ. ಬಂದದ್ದು ಆ ವರ್ಷಕ್ಕೆ ದೇವರು ಕೊಟ್ಟ ಮಾತು.

ದೇವರು ಬೈದ ವಾಕ್ಯಗಳನ್ನು ನಾನು ಬರೆಯುವುದಿಲ್ಲ. ಹುಣ್ಣು, ಮಿಡತೆ, ಗೋಳಾಟ ಯಾರ ಪಾಲಿಗೂ ಬರಬಾರದಲ್ಲ. "ದೇವರಿಗೆ ಸಿಟ್ಟಾ ಬರಲಾರದಂಗ ಮಾಡಿಟ್ರಿ ಬಿಡ್ರಿ" ಎಂದು ಹೆಂಡತಿ ಛೇಡಿಸುತ್ತಾಳೆ.

ಹೋದ ವರ್ಷ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. ಮನೆಯಲ್ಲೇ ಜೀನ್ಸ್ ಪ್ಯಾಂಟು ಹೊಲಿಯುವ ಸುವಾರ್ತಮ್ಮನ ಎದೆಯಲ್ಲಿ ಗಂಟು ಕಾಣಿಸಿತ್ತು. ತಡಮಾಡದೆ ಆಪರೇಷನ್ ಆಗಬೇಕೆಂದು ಬಳ್ಳಾರಿಯ ಡಾಕ್ಟರು ಹೇಳಿದ್ದರು. ಆಕೆ ಹೆದರಿ ಹಿಡಿಯಷ್ಟಾಗಿದ್ದಳು. ಧೈರ್ಯ ಬರಲೆಂದು, ಸಾಯುವುದಿಲ್ಲ, ಬದುಕುವೆ ಎಂಬರ್ಥದ ವಾಕ್ಯ ಬರೆದು, ಗುರುತಿಗೆ ಮೂಲೆ ಮಡಚಿಟ್ಟೆ. ಆಕೆ ಕಣ್ಣು ಮುಚ್ಚಿ ಕೈ ಚಾಚಿದಾಗ ಆ ಚೀಟಿ ಬೆರಳ ಕೆಳಗೆ ಬರುವಂತೆ ತಟ್ಟೆ ತಿರುಗಿಸಿದೆ.

ವಾರದ ಮೇಲೆ, ಬಳ್ಳಾರಿಗೆ ಯಾವಾಗ ಹೋಗುವುದೆಂದು ಕೇಳಿದೆ.

"ಇನ್ಯಾಕ್ರಿ ಮೇಷ್ಟ್ರೇ? ಸಾಯಂಗಿಲ್ಲ ಅಂತ ಅವನಾ ಹೇಳ್ಯಾನಲ್ರಿ."

ಡಾಕ್ಟರ ಕೈಯೂ ದೇವರದೇ ಎಂದೆ.

"ಬರದೋರು ನೀವಾ. ನಿಮಗಾ ನಂಬಿಕಿಲ್ಲೇನ್ರಿ?"

ನಮ್ಮ ಕಡೆಯವರು ಮಾತಿಗೆ ಅಂಜುವ ಜನ. ಮನೆಯಿಂದ ಹೊರಟವರು 'ಹೋಗ್ತೀನಿ' ಎನ್ನುವುದಿಲ್ಲ, 'ಬರ್ತೀನಿ' ಎನ್ನುತ್ತಾರೆ. ಪಕ್ಕದ ಅಂಗಡಿಯ ಶೆಟ್ಟರು ಉಪ್ಪು ತೀರಿದರೂ 'ಇಲ್ಲ' ಎನ್ನದೆ 'ನಾಳೆ ಬರ್ತೈತ್ರಿ' ಎನ್ನುತ್ತಾರೆ. ಇಂಥ ಊರಿನಲ್ಲಿ, ಬರೀ ಮಾತಿನಿಂದ ಲೋಕವನ್ನೇ ಹುಟ್ಟಿಸಿದ ದೇವರ ವಾಕ್ಯವನ್ನು ಒಬ್ಬಳು ಪೂರ್ತಿ ನಂಬಿದರೆ ತಪ್ಪು ಹೇಗಾದೀತು? ತಟ್ಟೆ ತಿರುಗಿಸಿದ್ದು ನಾನು ಎಂದು ಆಗಲೇ ಹೇಳಬೇಕಿತ್ತು. ಹೇಳಿದರೆ ಎಲ್ಲರ ಚೀಟಿಯ ಮೇಲೂ ಅನುಮಾನ ಬರುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ನಿಜವೆಂದರೆ ನನಗೆ ನನ್ನ ಮರ್ಯಾದೆಯ ಚಿಂತೆ. ಬಾಯಿ ಮುಚ್ಚಿಕೊಂಡು ಪ್ರಾರ್ಥನೆ ಮಾಡಿದೆ.

ಬೇಸಿಗೆಗೆ ಗಂಟು ಒಡೆದು ಹುಣ್ಣಾಯಿತು. ಗಂಡ ಬಳ್ಳಾರಿಗೆ ಕರೆದೊಯ್ದ. ಕೈಮೀರಿದೆ ಎಂದು ಡಾಕ್ಟರು ವಾಪಸು ಕಳಿಸಿದರು. ನೋಡಲು ಹೋದಾಗ ಹೊಲಿಗೆ ಮೆಷಿನ್ನಿನ ಮೇಲೆ ಹೊದಿಕೆ ಬಿದ್ದಿತ್ತು, ಆ ಚೀಟಿ ಆಕೆಯ ದಿಂಬಿನ ಕೆಳಗಿತ್ತು. ಅವತ್ತು ಎಲ್ಲ ಹೇಳಿಬಿಟ್ಟೆ, ಮಡಚಿದ ಮೂಲೆಯನ್ನೂ ತೋರಿಸಿದೆ.

ಸುವಾರ್ತಮ್ಮ ಬಹಳ ಹೊತ್ತು ಆ ಮೂಲೆಯನ್ನು ಬೆರಳಿನಿಂದ ಸವರಿದಳು. ಸಿಟ್ಟಾಗಲಿಲ್ಲ, ಆಗಿದ್ದರೆ ನನಗೆ ಒಳ್ಳೆಯದಿತ್ತು.

"ಅವತ್ತಾ ಹೇಳಿದ್ರ ಹೋಗ್ತಿದ್ನಲ್ರಿ" ಎಂದಳು.

ಮಳೆಗಾಲಕ್ಕೆ ಮುಂಚೆಯೇ ಆಕೆಯನ್ನು ಮಣ್ಣು ಮಾಡಿದೆವು.

ಮತ್ತೆ ಡಿಸೆಂಬರು ಬಂದಾಗ, ಚೀಟಿ ಬರೆಯುವುದಿಲ್ಲವೆಂದು ಪಾಸ್ಟರಿಗೆ ಹೇಳಿ, ಕಾರಣವನ್ನೂ ಹೇಳಿದೆ. ಅವರು, "ಬರೀರಿ. ತಟ್ಟಿ ಮಾತ್ರ ಮುಟ್ಟಬ್ಯಾಡ್ರಿ" ಎಂದರು. ಬರೆದೆ. ದೇವರ ಬೈಗುಳವನ್ನೂ ಸೇರಿಸಿಯೇ ಬರೆದೆ. ಜನವರಿ ಒಂದರಂದು ತಟ್ಟೆ ಹಿಡಿದವರು ಪಾಸ್ಟರು. ನಾನು ಎಲ್ಲರಿಗಿಂತ ಕೊನೆಗೆ ಹೋಗಿ, ಉಳಿದಿದ್ದ ಒಂದನ್ನು ಎತ್ತಿಕೊಂಡೆ. ಅಂಜಬೇಡ ಎಂದಿತ್ತು.

ನನ್ನದೇ ದುಂಡು ಅಕ್ಷರ. ನೋಡಿ ಅಂಜಿದೆ.