ನೆರಳಿನ ಬದಿಯ ಹಿಮ

ಇಂಟರ್ನೆಟ್ ಹಾಕಿದರೆ ಫೋನು ಎಂಗೇಜ್ ಆಗುತ್ತಿದ್ದ ಕಾಲವದು. ವಿಲಾಯತಿಯ ಪಿನ್ನರ್‌ನ ನಮ್ಮ ಮನೆಯಲ್ಲಿ ಆ ಡಿಸೆಂಬರ್ ಸಂಜೆ ನಾನು ಎರಡು ನಿಮಿಷ ಇಂಟರ್ನೆಟ್ ಹಾಕುವುದು, ಅಷ್ಟರಲ್ಲಿ ಯಜಮಾನರ ಫೋನು ಬಂದೀತೆಂದು ಆರಿಸುವುದು, ಮತ್ತೆ ಹಾಕುವುದು, ಹೀಗೇ ನಡೆಸಿದ್ದೆ. ಅವರು ಆಫೀಸಿನ ಬೆಂಗಳೂರು ಗೆಳೆಯರೊಬ್ಬರ ಜೊತೆ ಆಲ್ಪ್ಸ್‌ಗೆ ಹೋಗಿದ್ದರು. ನಲವತ್ತು ದಾಟಿದ ಮೇಲೆ ಹತ್ತಿದ ಹುಚ್ಚು. ಮರುದಿನ ಹಿಮದ ಇಳಿಜಾರೊಂದನ್ನು ಏರುವವರಿದ್ದರು.

ಹಿಮ ಕುಸಿಯುವ ಅಪಾಯ ಎಷ್ಟಿದೆಯೆಂದು ಆ ಕಡೆಯವರು ದಿನಾ ಸಂಜೆ ಇಂಟರ್ನೆಟ್ಟಿನಲ್ಲಿ ಹಾಕುತ್ತಿದ್ದರು. ಪ್ರಶ್ನೆಯನ್ನು ಎರಡು ಸಲ ಓದಬೇಕೆಂದು ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದರು. ಇದನ್ನೂ ಎರಡು ಸಲ ಓದಿದೆ. ಅಕ್ಟೋಬರಿನಲ್ಲಿ ಬಿದ್ದ ತೆಳು ಹಿಮ ಬಿಸಿಲಿನ ಕಡೆ ಕರಗಿಹೋಗಿದೆ. ಉತ್ತರಕ್ಕೆ ಮುಖ ಮಾಡಿದ ನೆರಳಿನ ಇಳಿಜಾರುಗಳಲ್ಲಿ ಮಾತ್ರ ಉಳಿದು, ಚಳಿಗೆ ಒಂದಕ್ಕೊಂದು ಅಂಟದ ಹರಳುಗಳಾಗಿದೆ. ಅದರ ಮೇಲೆ ಈ ವಾರದ ಹೊಸ ಹಿಮವನ್ನು ಗಾಳಿ ಹಲಗೆಯಂತೆ ಒತ್ತಿ ಕೂರಿಸಿದೆ. ನನ್ನ ಕಣ್ಣಿಗೆ ಕಟ್ಟಿದ್ದು ಚೆಲ್ಲಿದ ರವೆಯ ಮೇಲೆ ಓರೆಯಾಗಿ ಇಟ್ಟ ಹಿತ್ತಾಳೆಯ ಅಗಲ ಪರಾತ. ಬೆರಳು ತಾಗಿದರೆ ಸಾಕು, ಜಾರೀತು. ಅಪಾಯದ ಮಟ್ಟ, ಐದರಲ್ಲಿ ಮೂರು.

ಕೊನೆಗೂ ಫೋನು ಬಂತು.

“ಐದಕ್ಕ ಮೂರು ಅದ, ನೋಡಿದೇನು? ಅರವತ್ತು ಪರ್ಸೆಂಟ್. ಫಸ್ಟ್ ಕ್ಲಾಸ್!”

“ಮಾರ್ಕ್ಸ್ ಅಲ್ಲರೀ ಅದು. ಹೆಚ್ಚಾದಷ್ಟೂ ಕೆಟ್ಟ.”

“ಗೊತ್ತದ ಮಾರಾಯ್ತಿ. ಇವತ್ತ ಹಿಮದಾಗ ತೆಗ್ಗು ತೋಡಿ ನೋಡೇವಿ. ತಳದ ತನಕಾ ಗಟ್ಟಿ ಅದ.”

“ಎಲ್ಲೆ ತೋಡಿದ್ರಿ?”

“ಹೋಟೆಲ್ ಹಿಂದ. ಮಸ್ತ್ ಬಿಸಿಲಿತ್ತು, ಚಾನೂ ಅಲ್ಲೇ ಕುಡದ್ವಿ.”

“ನಾಳೆ ಹತ್ತೂದು ಯಾವ ಕಡೆ?”

“ಅದು... ಉತ್ತರಕ್ಕದ.”

“ಬಿಸಿಲಾಗಿನ ಸಂಡಿಗಿ ಮುರದು ನೋಡಿ, ನೆರಳಾಗಿನ್ವು ಡಬ್ಬಿಗೆ ತುಂಬ್ತಾರೇನ್ರಿ?”

ಇಬ್ಬರೂ ನಕ್ಕದ್ದು ಕೇಳಿಸಿತು. ಗೆಳೆಯರು ಫೋನು ಇಸಿದುಕೊಂಡು, “ಅತ್ತಿಗೆ, ಸಂಡಿಗೆ ತಗೊಂಡು ನೀವೇ ಬಂದ್ಬಿಡಿ!” ಎಂದರು. ನನಗೆ ನಗು ಬರಲಿಲ್ಲ. “ಆ ನೆರಳಿನಾಗ ತೋಡಿ ನೋಡದs ಒಂದ್ ಹೆಜ್ಜಿನೂ ಮುಂದ ಇಡಬ್ಯಾಡ್ರಿ” ಎಂದೆ.

ಮರುದಿನ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಒಗ್ಗರಣೆಗೆ ಸಾಸಿವೆ ಹಾಕಿ ಕಿಟಕಿಗೆ ಹೋಗಿ ನಿಂತೆ, ಅದು ಸೀದುಹೋಯಿತು. ಪಕ್ಕದ ಮನೆಯ ಕಾರಿನ ಮೇಲೆ ಮಂಜು ಕಟ್ಟಿತ್ತು. ಒಂದು ಬದಿ ಆಗಲೇ ಕರಗಿ ನೀರಿಳಿಯುತ್ತಿತ್ತು, ಗೋಡೆಯ ಕಡೆಯ ಬದಿ ಮಧ್ಯಾಹ್ನವಾದರೂ ಬೆಳ್ಳಗೇ ಇತ್ತು. ಅದನ್ನು ನೋಡಬಾರದೆಂದು ಪರದೆ ಎಳೆದೆ. ಮತ್ತೆ ಸರಿಸಿದೆ.

ಮೂರು ಗಂಟೆಗೆ ಫೋನು ಬಂತು. ಅವರ ದನಿ ತಗ್ಗಿತ್ತು. ಇಳಿಜಾರಿನ ಅಂಚಿನಲ್ಲೇ ತೋಡಿ, ಹಿಮವನ್ನು ಕಂಬದಂತೆ ಕಡಿದು, ಮೇಲೆ ಸಲಿಕೆ ಇಟ್ಟು ಅಂಗೈಯಿಂದ ತಟ್ಟಿದರಂತೆ. ಮೂರನೇ ಏಟಿಗೇ ಮೇಲಿನ ಹಿಮವೆಲ್ಲ ಒಂದೇ ತುಂಡಾಗಿ ಜಾರಿ ಮೊಣಕಾಲ ಮೇಲೆ ಬಿತ್ತಂತೆ.

“ತಳದಾಗ ಥೇಟ್ ಸಕ್ರಿ ಇದ್ಹಂಗಿತ್ತು. ತಿರುಗಿ ಬಂದ್ವಿ.”

ನಾನು ಕುರ್ಚಿ ಎಳೆದುಕೊಂಡು ಕೂತೆ. “ನಾಳೆ?”

“ನಾಳೆ ಇನ್ನೊಂದ್ ಕಡೆ ನೋಡೂಣಂತ...”

“ನಾಳೆ ಎಲ್ಲೂ ಹೋಗೂದಿಲ್ಲ ಅನ್ರಿ.”

“ಅಲ್ಲ, ಕೇಳಿಲ್ಲೆ...”

“ಅನ್ರಿ.”

ಮದುವೆಯಾಗಿ ಅಷ್ಟು ವರ್ಷಗಳಲ್ಲಿ ಅವರೊಂದಿಗೆ ಆ ದನಿಯಲ್ಲಿ ಮಾತಾಡಿದ್ದು ಅದೇ ಮೊದಲು. ಅವರು ಅನ್ನುವವರೆಗೂ ನಾನು ಫೋನು ಇಡಲಿಲ್ಲ.