ನೀರಿನ ಮೇಲೆ ಸ್ಟೇರಿಂಗಮ್ಮ

ಹತ್ತೊಂಬತ್ತು ವರ್ಷ ಸಿಟಿ ಬಸ್ಸು ಓಡಿಸಿದವಳು, ಒಂದು ಸೈಕಲ್ಲಿಗೂ ತಾಗಿಸಿದವಳಲ್ಲ. ಡಿಪೋದ ಗೋಡೆಯ ಮೇಲೆ ಅವಳ ಫೋಟೋ ಇದೆ. ಕೆಳಗೆ, ಅಪಘಾತ ಮಾಡದ ಚಾಲಕಿ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಅಂಥವಳು ಸಮುದ್ರಕ್ಕಿಳಿದ ಎರಡೇ ವರ್ಷದಲ್ಲಿ ಮೂರು ಜನಕ್ಕೆ ಗುದ್ದಿದಳು ಎಂದರೆ ನಂಬುತ್ತೀರಾ? ನಂಬಲೇಬೇಕು. ಮೂರನೆಯ ಸಲ ಗುದ್ದಿದ್ದು ಅವಳಿಗೆ ಸರ್ಫಿಂಗ್ ಕಲಿಸುತ್ತಿದ್ದ ಟೀಚರ್‌ಗೇ.

ಡಿಪೋದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇಲ್ಲ, ಎಲ್ಲರಿಗೂ ಅವಳು ಸ್ಟೇರಿಂಗಮ್ಮ. ನಲವತ್ತೈದರ ಗಟ್ಟಿ ಹೆಂಗಸು. ಕೋಪ ಮೂಗಿನ ತುದಿಯಲ್ಲೇ ಇತ್ತು, ನಗುವೂ ಅಲ್ಲೇ ಅದರ ಪಕ್ಕದಲ್ಲಿ. ಅವಳ ಬಸ್ಸಿನ ಕೊನೆಯ ಸ್ಟಾಪು ಸಮುದ್ರದ ದಂಡೆ. ಅಲ್ಲಿ ನಲವತ್ತು ನಿಮಿಷ ನಿಲ್ಲಬೇಕು. ಬೇರೆ ಡ್ರೈವರುಗಳು ಆ ಹೊತ್ತಿನಲ್ಲಿ ಕಾಲು ಚಾಚಿ ನಿದ್ದೆ ಹೊಡೆಯುತ್ತಾರೆ. ಇವಳು ಮಾತ್ರ ಗಾಜಿನಾಚೆ ಹಲಗೆಯ ಮೇಲೆ ನಿಂತು ಅಲೆಯ ಜೊತೆ ಜಾರಿ ಬರುವವರನ್ನು ಕಣ್ಣುಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು. ಹದಿನೇಳು ವರ್ಷ ಬರೀ ನೋಡಿದಳು. ಆಮೇಲೆ ಒಂದು ಭಾನುವಾರ ಅದೇನಾಯಿತೋ, ಗಂಡನ ಹಳೆಯ ಚಡ್ಡಿ ಹಾಕಿಕೊಂಡು ನೆಟ್ಟಗೆ ಹೋಗಿ, "ನನಗೂ ಒಂದು ಹಲಗೆ ಕೊಡಿ" ಎಂದುಬಿಟ್ಟಳು.

ಮೊದಲ ವರ್ಷ ಬೀಳುವುದನ್ನು ಕಲಿತಳು, ಎರಡನೆಯ ವರ್ಷ ನಿಲ್ಲುವುದನ್ನು. ನಿಂತ ಮೇಲೆ ಸಿಕ್ಕ ಖುಷಿಯನ್ನು ಏನೆಂದು ಹೇಳಲಿ! ಗೇರಿಲ್ಲ, ಕ್ಲಚ್ಚಿಲ್ಲ, ಹಿಂದಿನಿಂದ ಹಾರ್ನ್ ಬಾರಿಸುವವರಿಲ್ಲ, ಕಾಲ ಕೆಳಗೆ ನೀರು ತಾನಾಗಿ ಓಡುತ್ತದೆ. ಸೋಮವಾರ ಕೆಲಸಕ್ಕೆ ಬಂದರೂ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇದ್ದ ತೊಂದರೆ ಒಂದೇ, ಅವಳಿಗೆ ತಿರುಗಲು ಬರುತ್ತಿರಲಿಲ್ಲ. ಗೆರೆ ಎಳೆದ ಹಾಗೆ ದಡದವರೆಗೂ ನೆಟ್ಟಗೆ ಬರುತ್ತಿದ್ದಳು, ನಡುವೆ ಯಾರು ಸಿಕ್ಕರೆ ಅವರ ಗ್ರಹಚಾರ.

ಟೀಚರ್ ಇಪ್ಪತ್ತನಾಲ್ಕರ ಹುಡುಗಿ. ಬಿಸಿಲಿಗೆ ಮೂಗಿನ ಸಿಪ್ಪೆ ಎದ್ದಿತ್ತು, ಮಾತು ಕಡ್ಡಿ ಮುರಿದ ಹಾಗೆ. ಊದಿಕೊಂಡ ಮೊಣಕೈ ಹಿಡಿದುಕೊಂಡೇ ಹೇಳಿದಳು.

"ಆಂಟಿ, ಸೀಸನ್ ಮುಗಿಯೋಕೆ ಇನ್ನು ನಾಲ್ಕು ಭಾನುವಾರ ಇದೆ. ಅಷ್ಟರಲ್ಲಿ ತಿರುಗೋದು ಬರಲಿಲ್ಲ ಅಂದ್ರೆ, ಮುಂದಿನ ವರ್ಷ ನೀವು ಮಕ್ಕಳ ನೀರಿಗೆ ಹೋಗ್ಬೇಕು."

ಮಕ್ಕಳ ನೀರು ಎಂದರೆ ದಡದ ಬುಡದ ನೊರೆ. ಏಳೆಂಟು ವರ್ಷದ ಪುಟಾಣಿಗಳು ಸ್ಪಂಜಿನ ಹಲಗೆ ತಬ್ಬಿಕೊಂಡು ಕಿಲಕಿಲ ಅನ್ನುವ ಜಾಗ. ಹೊರಗಿನ ದೊಡ್ಡ ಅಲೆ ಬಿಟ್ಟು ಅಲ್ಲಿಗೆ ವಾಪಸ್ಸು ಹೋಗುವುದೆಂದರೆ ಅವಳಿಗೆ ಲೈಸೆನ್ಸ್ ಕಿತ್ತುಕೊಂಡಷ್ಟೇ ಅವಮಾನ. ಮುಖ ಹುಳ್ಳಗಾಯಿತು.

"ತಿರುಗೋಕೆ ಮುಂಚೆ ನೀವು ಏನು ಮಾಡ್ತೀರಿ, ಹೇಳಿ ನೋಡೋಣ," ಟೀಚರ್ ಕೇಳಿದಳು.

"ಎಲ್ಲರೂ ಮಾಡೋದನ್ನೇ. ನಿಧಾನ ಮಾಡ್ತೀನಿ."

ಟೀಚರ್ ಹಣೆ ಚಚ್ಚಿಕೊಂಡಳು. ಅಲೆಯ ಬುಡದಲ್ಲಿ ತಿರುಗಬೇಕಾದರೆ ಬೇಕಾದ್ದೇ ವೇಗ. ಹಿಂದಿನ ಕಾಲಿನ ಮೇಲೆ ಭಾರ ಬಿಟ್ಟರೆ ಹಲಗೆಯ ಬಾಲ ಮುಳುಗುತ್ತದೆ, ಅದೇ ಬ್ರೇಕು. ಭಾರವನ್ನು ಮುಂದಿನ ಕಾಲಿಗೆ ಕೊಟ್ಟು, ಮಂಡಿ ಬಗ್ಗಿಸಿ, ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಕಣ್ಣು ಹಾಯಿಸಬೇಕು. ಕಣ್ಣಿನ ಹಿಂದೆ ಭುಜ ಹೋಗುತ್ತದೆ, ಭುಜದ ಹಿಂದೆ ಸೊಂಟ. ಅಷ್ಟಾದರೆ ಹಲಗೆ ತಾನೇ ಅಂಚಿನ ಮೇಲೆ ವಾಲಿ ತಿರುಗುತ್ತದೆ. ಕೇಳುವುದಕ್ಕೆ ನೀರು ಕುಡಿದಷ್ಟು ಸುಲಭ. ಆದರೆ ಹಲಗೆಯ ಮೇಲೆ ಅವಳ ಹಿಂದಿನ ಕಾಲು ಎಂದರೆ, ಹತ್ತೊಂಬತ್ತು ವರ್ಷ ಪ್ರತಿಯೊಂದು ತಿರುವಿನಲ್ಲೂ ಬ್ರೇಕ್ ಒತ್ತಿದ ಬಲಗಾಲು ಅದು. ತಿರುವು ಎಂದರೆ ಸಾಕು, ಯಾರನ್ನೂ ಕೇಳದೆ ಒತ್ತಿಬಿಡುತ್ತಿತ್ತು.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಸಾಕ್ಸ್ ಹಾಕಿಕೊಂಡು ಅಡುಗೆಮನೆಯ ನುಣುಪು ನೆಲದ ಮೇಲೆ ಜಾರುತ್ತಾ, "ಕಣ್ಣು, ಭುಜ, ಸೊಂಟ" ಎಂದು ತನಗೆ ತಾನೇ ಪಾಠ ಒಪ್ಪಿಸುತ್ತಾ ಫ್ರಿಜ್ಜಿನ ಪಕ್ಕ ತಿರುಗುತ್ತಿದ್ದಳು. ನಲ್ಲಿ ರಿಪೇರಿ ಮಾಡುವುದೇ ಕಸುಬಾಗಿದ್ದ ಗಂಡ, ಸಿಂಕಿನ ಕೆಳಗಿನಿಂದ ತಲೆ ಹೊರಗೆ ಹಾಕಿದ.

"ಸೊಂಟ ಉಳುಕಿದ್ರೆ ಎಣ್ಣೆ ಉಜ್ಜೋಕೆ ನನ್ನ ಕರೀಬೇಡ."

"ನೀನು ಸುಮ್ಮನೆ ಫ್ರಿಜ್ಜಿಗೆ ಗುದ್ತೀನಾ ಅಂತ ನೋಡ್ತಿರು, ಸಾಕು."

ಗುದ್ದಿಯೇ ಗುದ್ದಿದಳು. ಮೇಲಿದ್ದ ಸಕ್ಕರೆ ಡಬ್ಬಿ ಗಂಡನ ತಲೆಯ ಮೇಲೆ ಕವುಚಿತು. ಕೂದಲಲ್ಲೆಲ್ಲ ಸಕ್ಕರೆ ತುಂಬಿಕೊಂಡು ಅವನು ಪಿಳಿಪಿಳಿ ನೋಡಿದ ಚಂದಕ್ಕೆ ಅವಳು ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಅವನೂ ನಗತೊಡಗಿದ. ಅಂದು ಸಿಂಕು ರಿಪೇರಿಯಾಗಲಿಲ್ಲ.

ಇಷ್ಟಾದರೂ ಎರಡು ಭಾನುವಾರ ದಂಡವಾಗಿ ಹೋದವು. ನೀರಿಗಿಳಿದರೆ ಮತ್ತದೇ ಕಾಲು, ಮತ್ತದೇ ಬ್ರೇಕು. ಸೋಮವಾರ ಕೊನೆಯ ಸ್ಟಾಪಿನಲ್ಲಿ ಜೋಲುಮುಖ ಹಾಕಿಕೊಂಡು ಕೂತವಳ ಹತ್ತಿರ ಅವಳ ಕಂಡಕ್ಟರ್ ಬಂದ. ಹನ್ನೊಂದು ವರ್ಷದಿಂದ ಅದೇ ಬಸ್ಸಿನಲ್ಲಿ ಅವಳ ಜೊತೆಗಿದ್ದವನು. ಅವನು ಒಂದು ಸೀಟಿ ಊದಿದರೆ ಬಸ್ಸು ನಿಲ್ಲಬೇಕು, ಎರಡು ಊದಿದರೆ ಹೊರಡಬೇಕು. ಆ ಸೀಟಿ ಅವಳ ಕಿವಿಗೆ ಬಿದ್ದು ತಲೆಗೆ ಹೋಗುವ ಮುಂಚೆಯೇ ಕಾಲಿಗೆ ಹೋಗಿರುತ್ತಿತ್ತು.

"ಅಕ್ಕ, ನಿಮ್ಮ ಕಾಲು ನಿಮ್ಮ ಮಾತು ಕೇಳಲ್ಲ. ನನ್ನ ಸೀಟಿ ಕೇಳುತ್ತೆ. ಭಾನುವಾರ ನಾನೇ ಬರ್ತೀನಿ."

"ನೀರು ಕಂಡ್ರೆ ಹೆದರಿ ಸಾಯ್ತೀಯ, ನೀನು ಬಂದು ಏನು ಮಾಡ್ತೀಯೋ?"

"ನಾನ್ಯಾಕೆ ನೀರಿಗಿಳೀಲಿ? ಮರಳಿನ ಮೇಲೆ ನಿಂತೇ ಊದ್ತೀನಿ."

ಮಾತಿಗೆ ತಪ್ಪದೆ ಬಂದ, ಡ್ಯೂಟಿಯ ಬೂಟು ಸಮೇತ. ಹಲಗೆ ಅಲೆಯ ಬುಡಕ್ಕೆ ಇಳಿಯುತ್ತಿದ್ದಂತೆ ದಡದಿಂದ ಪೀ, ಪೀ ಎಂದು ಎರಡು ಸೀಟಿ. ಸ್ಟೇರಿಂಗಮ್ಮನ ಬಲಗಾಲು ಬ್ರೇಕು ಬಿಟ್ಟ ಹಾಗೆ ಥಟ್ಟನೆ ಹಗುರಾಯಿತು, ಮೈಭಾರವೆಲ್ಲ ಮುಂದಕ್ಕೆ ಬಂತು, ಹಲಗೆ ಸರ್ರನೆ ಎಡಕ್ಕೆ ವಾಲಿತು. ಅರ್ಧ ತಿರುಗಿ ದಬಾರನೆ ಬಿದ್ದಳು. ಮೂಗುಬಾಯಿಯಲ್ಲೆಲ್ಲ ಉಪ್ಪುನೀರು ತುಂಬಿಕೊಂಡು ಎದ್ದವಳು ನಗುತ್ತಲೇ ಇದ್ದಳು. ಅಂದು ಐದು ಸಲ ಅರ್ಧರ್ಧ ತಿರುಗಿದಳು. ಹಿಗ್ಗಿ ಹೀರೇಕಾಯಿಯಾದಳು ಅಂತಿಟ್ಟುಕೊಳ್ಳಿ. ಮರುದಿನ ಅವಳು ಬಸ್ಸಿನಲ್ಲಿ ಹಾಡಿದ್ದನ್ನು ಕೇಳಲಾರದೆ ಇಬ್ಬರು ಪ್ರಯಾಣಿಕರು ಒಂದು ಸ್ಟಾಪು ಮುಂಚೆಯೇ ಇಳಿದರಂತೆ.

"ಅರ್ಧ ತಿರುವು ಆಗಲ್ಲ ಆಂಟಿ, ಪೂರ್ತಿ ಬೇಕು," ಟೀಚರ್ ಮಾತ್ರ ಆ ಭಾನುವಾರವೇ ಕಡ್ಡಿ ಮುರಿದಿದ್ದಳು.

ಕೊನೆಯ ಭಾನುವಾರ ಬೆಳಗ್ಗೆಯಿಂದಲೇ ಹಾಳು ಗಾಳಿ. ಕಂಡಕ್ಟರ್ ಕೆನ್ನೆ ಉಬ್ಬಿಸಿ ಊದಿದ್ದು ಅವನ ಕಿವಿಗೇ ಸರಿಯಾಗಿ ಕೇಳುತ್ತಿರಲಿಲ್ಲ, ಇನ್ನು ಅಲೆಯಾಚೆಗೆ ಹೇಗೆ ಕೇಳೀತು. ಸ್ಟೇರಿಂಗಮ್ಮ ನಾಲ್ಕು ಅಲೆ ಹಿಡಿದಳು. ನಾಲ್ಕರಲ್ಲೂ ಬ್ರೇಕು, ನಾಲ್ಕರಲ್ಲೂ ಮುಳುಗು.

"ಇನ್ನೊಂದೇ ಅಲೆ," ಪಕ್ಕದಲ್ಲಿ ತೇಲುತ್ತಿದ್ದ ಟೀಚರ್ ಹೇಳಿದಳು. "ಆಮೇಲೆ ಎಲ್ಲರೂ ಹೊರಗೆ."

ಅತ್ತ ದಡದಲ್ಲಿ ಕಂಡಕ್ಟರ್ ಬೂಟು ಬಿಚ್ಚಿದ. ಸಾಕ್ಸನ್ನು ಮಡಿಸಿ ಬೂಟಿನೊಳಗಿಟ್ಟ. ಪ್ಯಾಂಟು ಮೇಲೇರಿಸಿ ಪಾದ ಮುಳುಗುವವರೆಗೆ ಇಳಿದ. ಇನ್ನೊಂದು ಹೆಜ್ಜೆ, ಇನ್ನೊಂದು ಹೆಜ್ಜೆ ಎನ್ನುತ್ತಾ ಎದೆಯವರೆಗೆ ಬಂದು ನಿಂತ. ಕಣ್ಣು ಅಕ್ಕನ ಮೇಲೆ, ಸೀಟಿ ಬಾಯಲ್ಲಿ. ಅವನು ಅಲ್ಲಿಗೆ ಬಂದದ್ದನ್ನು ಯಾರೂ ನೋಡಲಿಲ್ಲ.

ಅಲೆ ಬಂತು, ದಿನದ ಎಲ್ಲಕ್ಕಿಂತ ದೊಡ್ಡದು. ಸ್ಟೇರಿಂಗಮ್ಮ ಕೈ ಬೀಸಿ ಬೀಸಿ ಅದನ್ನು ಹಿಡಿದು ಎದ್ದು ನಿಂತಳು. ಹಲಗೆ ಅಲೆಯ ಮೈ ಮೇಲಿಂದ ಜರ್ರನೆ ಇಳಿಯಿತು. ಆಗ ಕಂಡಳು, ಬುಡದಲ್ಲಿ ಸರಿಯಾಗಿ ಎದುರಿಗೆ ಒಂದು ತಲೆ, ಎರಡು ಕಣ್ಣು, ಒಂದು ಸೀಟಿ. ಅವನಿಗೆ ಜೀವ ಬಾಯಿಗೆ ಬಂದಿತ್ತು. ಎರಡು ಊದಬೇಕೆಂದು ಬಂದವನು, ಇದ್ದ ಉಸಿರನ್ನೆಲ್ಲ ಸೇರಿಸಿ ಉದ್ದಕ್ಕೆ ಒಂದೇ ಒಂದು ಊದಿದ.

ನಿಲ್ಲು ಎಂದರ್ಥ. ಬಲಗಾಲಿನ ಬೆರಳುಗಳು ಬಿಗಿದುಕೊಂಡವು. ಒತ್ತಿದ್ದರೆ ಬಾಲ ಮುಳುಗಿ, ಅಲೆ ಹಲಗೆಯನ್ನು ಎತ್ತಿ ಅವನ ಮುಖಕ್ಕೇ ಎಸೆಯುತ್ತಿತ್ತು. ಅವಳು ಒತ್ತಲಿಲ್ಲ. ಅವನ ಮುಖದಿಂದ ಕಣ್ಣು ಕಿತ್ತು, ಅವನ ಪಕ್ಕದ ಖಾಲಿ ನೀರನ್ನು ನೋಡಿದಳು. ಭುಜ ಹೋಯಿತು, ಸೊಂಟ ಹೋಯಿತು, ಮುಂದಿನ ಮಂಡಿ ಬಗ್ಗಿತು. ಹಲಗೆಯ ಅಂಚು ನೀರನ್ನು ಕಚ್ಚಿಕೊಂಡಿತು. ಕಂಡಕ್ಟರನಿಂದ ಒಂದು ಮಾರು ದೂರದಲ್ಲಿ, ಅವನ ಮುಖಕ್ಕೆ ನೀರೆರಚುತ್ತಾ ಪೂರ್ತಿ ತಿರುಗಿ, ಅಲೆಯ ಗೋಡೆಯುದ್ದಕ್ಕೂ ಓಡಿಹೋದಳು. ಅಲೆ ಮುಗಿದ ಮೇಲೂ ಅವಳು ಹೋ ಎಂದು ಕೂಗುತ್ತಲೇ ಇದ್ದಳು.

ಹಲಗೆ ತಳ್ಳಿಕೊಂಡು ಅವಳು ವಾಪಸ್ಸು ಬಂದಾಗ ಕಂಡಕ್ಟರ್ ನಿಂತಲ್ಲೇ ನಿಂತಿದ್ದ.

"ಅಕ್ಕ, ನಾನು ಸೀಟಿ ಊದಿದೆ."

"ಕೇಳಿಸ್ತು ಕಣೋ."

"ಒಂದೇ ಊದಿದ್ದು. ಹನ್ನೊಂದು ವರ್ಷದಲ್ಲಿ ನೀವು ಒಂದು ದಿನಾನೂ ನನ್ನ ಸೀಟಿ ಮೀರಿಲ್ಲ."

"ಹೂಂ. ಇವತ್ತು ಮೀರಿದೆ. ನಾನೇ ತಿರುಗಿದೆ, ನಂದೇ ಕಾಲಲ್ಲಿ," ಎಂದಳು. ಹೇಳುತ್ತಾ ಹೇಳುತ್ತಾ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ.

ಅಷ್ಟರಲ್ಲಿ ಟೀಚರ್ ಬಂದಳು. ಮೊದಲು ಕಂಡಕ್ಟರನಿಗೆ ಚೆನ್ನಾಗಿ ಬೈದಳು. ಬೈದು ಮುಗಿಸಿ, "ಆಂಟಿ, ಮುಂದಿನ ವರ್ಷ ಸೀದಾ ಹೊರಗಿನ ಅಲೆಗೇ ಬನ್ನಿ," ಎಂದಳು. ಇದ್ದಕ್ಕಿದ್ದಂತೆ ಸ್ಟೇರಿಂಗಮ್ಮನನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ಬೈಸಿಕೊಂಡ ಮೇಲೆಯೇ ಕಂಡಕ್ಟರ್ ಒಮ್ಮೆ ಬಗ್ಗಿ ತನ್ನ ಸುತ್ತ ನೋಡಿಕೊಂಡದ್ದು. ಎದೆ ಮುಟ್ಟುವಷ್ಟು ನೀರು, ದಡ ಎಲ್ಲೋ ಇತ್ತು. ಒಂದು ಹೆಜ್ಜೆಯೂ ಏಳಲಿಲ್ಲ.

"ನನಗೋಸ್ಕರ ಇಷ್ಟು ದೂರ ಬಂದ್ಯೇನೋ ಪುಣ್ಯಾತ್ಮ," ಎಂದು ಸ್ಟೇರಿಂಗಮ್ಮ ಅವನನ್ನು ಹಲಗೆಯ ಮೇಲೆ ಬೋರಲು ಮಲಗಿಸಿದಳು. ಅವನು ಕಣ್ಣು ಮುಚ್ಚಿ ಹಲಗೆ ಅಪ್ಪಿಕೊಂಡ. ಸಣ್ಣದೊಂದು ಅಲೆ ಬರುವುದನ್ನು ನೋಡಿ ಅವಳು ಹಿಂದಿನಿಂದ ಮೆತ್ತಗೆ ನೂಕಿದಳು. ಅಲೆ ಅವನನ್ನು ಎತ್ತಿಕೊಂಡು ಜುಂಯ್ ಎಂದು ಒಯ್ದು ಮರಳಿನ ಮೇಲೆ ಇಳಿಸಿತು. ಅವಳು ಓಡೋಡಿ ಬಂದು ನೋಡಿದರೆ, ಅವನು ಇನ್ನೂ ಹಲಗೆ ಬಿಟ್ಟಿರಲಿಲ್ಲ.

"ಅಕ್ಕ," ಎಂದ, ಒಂದೇ ಕಣ್ಣು ತೆರೆದು, "ಇನ್ನೊಂದು ಟ್ರಿಪ್ಪು."