ಇಸ್ತ್ರಿ ಮಾವನ ಬಲಗೈ

ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಇಸ್ತ್ರಿ ಮಾವ ಎಂದೇ ಕರೆಯುತ್ತಿದ್ದರು. ಆಸ್ಪತ್ರೆಗಳ ಬೆಡ್‌ಶೀಟು, ದಿಂಬಿನ ಚೀಲ, ಡಾಕ್ಟರುಗಳ ಬಿಳಿ ಕೋಟು ಒಗೆದು ಇಸ್ತ್ರಿ ಮಾಡಿಕೊಡುವ ಲಾಂಡ್ರಿ ಅದು. ಕಟ್ಟಿದವನು ಅವನ ಅಣ್ಣ. ಅಣ್ಣ ತೀರಿಕೊಂಡ ಮೇಲೆ ಅತ್ತಿಗೆ ಯಜಮಾನನ ಕುರ್ಚಿಯಲ್ಲಿ ಕೂತಳು. ಇವನು ಮೊದಲಿನಂತೆ ಇಸ್ತ್ರಿ ಮೇಜಿನ ಮುಂದೆಯೇ ನಿಂತ. ಇವನ ಹೆಂಡತಿ ಹಿಂದಿನ ಕೋಣೆಯಲ್ಲಿ ಹರಿದ ಶೀಟುಗಳಿಗೆ ತೇಪೆ ಹಾಕುತ್ತಿದ್ದಳು. ಒಂದೇ ಮನೆಯವರಾದರೂ ಅತ್ತಿಗೆಯ ಕೋಣೆಗೆ ಇಬ್ಬರೂ ಬಾಗಿಲು ತಟ್ಟಿಯೇ ಹೋಗುತ್ತಿದ್ದರು.

ಅತ್ತಿಗೆ ದಡ್ಡಿಯಲ್ಲ. ಕೈ ಇಸ್ತ್ರಿ ನಂಬಿಕೊಂಡರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಎಲ್ಲರಿಗಿಂತ ಮೊದಲು ಅರಿತವಳು ಅವಳೇ. ಹಬೆಯಲ್ಲಿ ಕಾಯುವ ದೊಡ್ಡ ಉರುಳೆಗಳ ಮೆಷಿನ್ ತರಿಸಿದಳು. ಈ ಕಡೆಯಿಂದ ಒದ್ದೆ ಶೀಟು ಕೊಟ್ಟರೆ ಆ ಕಡೆಯಿಂದ ಒಣಗಿ, ಗರಿಗರಿಯಾಗಿ, ಮಡಿಸಿಕೊಂಡು ಬರುತ್ತಿತ್ತು. ಇಸ್ತ್ರಿ ಮಾವ ಅದನ್ನು ಬೇಗ ಕಲಿತ. ಕಲಿತ ಮೇಲೆ ಸ್ವಲ್ಪ ಎದೆಯುಬ್ಬಿಸಿಯೂ ಓಡಾಡಿದ.

ಮೆಷಿನ್ನಿನ ಬಾಯಿಯ ಮುಂದೆ ಒಂದು ಅಡ್ಡಪಟ್ಟಿ ಇತ್ತು. ಕೈ ತಗುಲಿದರೆ ಉರುಳೆ ತಟಕ್ಕನೆ ನಿಲ್ಲಬೇಕು, ಅದಕ್ಕಾಗಿ ಇಟ್ಟದ್ದು. ಆದರೆ ಅದು ಕೈಗೂ ನಿಲ್ಲುತ್ತಿತ್ತು, ಶೀಟಿನ ದಪ್ಪ ಅಂಚಿಗೂ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅತ್ತಿಗೆ ಕೋಣೆಯಿಂದ ಇಣುಕುತ್ತಿದ್ದಳು. ಒಂದು ಮಧ್ಯಾಹ್ನ ಹೊರಗೇ ಬಂದಳು.

"ಏನಯ್ಯಾ ಇದು? ಹೊಸ ಮೆಷಿನ್ ತಂದಿದ್ದು ನಿಲ್ಲಿಸಿ ನೋಡೋಕಾ?"

"ಪಟ್ಟಿಗೆ ಅಂಚು ತಗಲುತ್ತೆ ಅತ್ತಿಗೆ. ನಾನೇನ್ಮಾಡ್ಲಿ?"

"ಕಟ್ಟಿ ಹಾಕು ಅದನ್ನ. ಕೈ ಎಲ್ಲಿಡ್ಬೇಕು ಅನ್ನೋದು ನಿನಗೆ ಗೊತ್ತಿಲ್ವಾ, ಚಿಕ್ಕ ಮಗೂನಾ?"

ತೇಪೆ ಹಾಕಿದ ಶೀಟುಗಳನ್ನು ಹೊತ್ತು ಬಂದಿದ್ದ ಹೆಂಡತಿ ಅಲ್ಲೇ ನಿಂತು ಈ ಮಾತು ಕೇಳಿಸಿಕೊಂಡಳು. ಇಸ್ತ್ರಿ ಮಾವ ಹರಿದ ದಿಂಬಿನ ಚೀಲವೊಂದನ್ನು ಸೀಳಿ ಅಡ್ಡಪಟ್ಟಿಯನ್ನು ಅಲುಗದಂತೆ ಬಿಗಿದ. ಮೆಷಿನ್ ಆಮೇಲೆ ನಿಲ್ಲಲಿಲ್ಲ.

ಮಾರನೆಯ ವಾರ ಶೀಟಿನ ಮೂಲೆ ಅವನ ಮಣಿಕಟ್ಟಿಗೆ ಸುತ್ತಿಕೊಂಡಾಗಲೂ ನಿಲ್ಲಲಿಲ್ಲ. ಯಾರೋ ಓಡಿಹೋಗಿ ಕರೆಂಟು ತೆಗೆಯುವಷ್ಟರಲ್ಲಿ ಬಲಗೈ ಉರುಳೆಗಳ ನಡುವೆ ಬೆಂದಿತ್ತು. ಕೂಗು ಕೇಳಿ ಬಂದ ಅತ್ತಿಗೆ ಮೊದಲು ಮಾಡಿದ ಕೆಲಸವೆಂದರೆ, ಪಟ್ಟಿಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ ಸೆರಗಿನೊಳಗೆ ತುರುಕಿಕೊಂಡದ್ದು. ಆಮೇಲೆ ಗಾಡಿ ತರಿಸಿದಳು.

ಕೈ ಉಳಿಯಲಿಲ್ಲ. ಮಣಿಕಟ್ಟಿನಿಂದ ತೆಗೆದರು. ವಿಮೆಯವನು ಆಸ್ಪತ್ರೆಗೆ ಬರುವ ಮುನ್ನ ಅತ್ತಿಗೆ ಹಾಸಿಗೆಯ ಪಕ್ಕ ಕೂತು ಕಿತ್ತಳೆ ಸುಲಿದು ತೊಳೆ ತೊಳೆಯಾಗಿ ಅವನ ಬಾಯಿಗಿಟ್ಟಳು.

"ಪಟ್ಟಿ ಕಟ್ಟು ಅಂತ ನಾನು ಹೇಳ್ದೆ ಅಂದ್ರೆ ಲಾಂಡ್ರಿಗೆ ಬೀಗ. ನೀನೇ ಕಟ್ಕೊಂಡೆ ಅಂದ್ರೆ ಲಾಂಡ್ರಿ ಉಳಿಯುತ್ತೆ, ನಿನ್ನ ಹೆಂಡತಿ ಕೆಲಸ ಉಳಿಯುತ್ತೆ, ನೀನೂ ಸಾಯೋವರೆಗೆ ನಮ್ಮಲ್ಲೇ ಇರ್ತೀಯ. ನಿಮ್ಮಣ್ಣ ಕಟ್ಟಿದ್ದು. ಯೋಚನೆ ಮಾಡು."

ವಿಮೆಯವನು ಬಂದು, ಪಟ್ಟಿ ಯಾಕೆ ಮೆಷಿನ್ ನಿಲ್ಲಿಸಲಿಲ್ಲ ಎಂದು ಕೇಳಿದ. ಇಸ್ತ್ರಿ ಮಾವ "ನಾನೇ ಕಟ್ಟಿದೆ" ಎಂದ. ಕಿತ್ತಳೆ ಇನ್ನೂ ಬಾಯಲ್ಲಿತ್ತು.

ಕೆಲವು ತಿಂಗಳ ನಂತರ ದೊಡ್ಡ ಆಸ್ಪತ್ರೆಯೊಂದು ತನ್ನ ಬಟ್ಟೆಯನ್ನೆಲ್ಲ ಒಂದೇ ಲಾಂಡ್ರಿಗೆ ಕೊಡುವುದಾಗಿ ಹೇಳಿತು. ಷರತ್ತು ಒಂದೇ: ಹೊಸ ಮೆಷಿನ್ನುಗಳ ಅಪಾಯಕ್ಕೆ ಕೆಲಸದವರನ್ನು ತಯಾರು ಮಾಡಿದ್ದನ್ನು ತೋರಿಸಬೇಕು. ಅತ್ತಿಗೆ ಸಭೆ ಇಟ್ಟಳು. ಟೈ ಕಟ್ಟಿದ ಸಲಹೆಗಾರನೊಬ್ಬ ಪರದೆಯ ಮೇಲೆ ಬಣ್ಣದ ಚಿತ್ರ ತೋರಿಸಿ ಮಾತಾಡಿದ. ಕೆಲಸದವರು ಬಾಯಿ ತೆರೆದು ಆಕಳಿಸಿದರು. ಆಸ್ಪತ್ರೆಯಿಂದ ಬಂದವರು ಗಡಿಯಾರ ನೋಡಿಕೊಂಡರು. ಅತ್ತಿಗೆ ಎದ್ದು ನಿಂತು, "ಬಾ ಇಲ್ಲಿ, ಕೈ ತೋರ್ಸು" ಎಂದಳು.

ಇಸ್ತ್ರಿ ಮಾವ ಎದ್ದು ಹೋಗಿ ತೋಳು ಮೇಲೆತ್ತಿದ. ಗಡಿಯಾರ ನೋಡುತ್ತಿದ್ದವರು ತಲೆಯೆತ್ತಿದರು. "ನಾನೇ ಪಟ್ಟಿ ಕಟ್ಟಿದ್ದು. ಯಾರ ಮಾತೂ ಕೇಳಲಿಲ್ಲ" ಎಂದ. ಆಸ್ಪತ್ರೆಯ ಬಟ್ಟೆ ಅತ್ತಿಗೆಗೇ ಸಿಕ್ಕಿತು.

ಅಲ್ಲಿಂದ ಅದೇ ಅವನ ಉದ್ಯೋಗವಾಯಿತು. ಹೊಸ ಮೆಷಿನ್ ತರುವ ಪ್ರಿಂಟಿಂಗ್ ಪ್ರೆಸ್ಸು, ಬೇಕರಿ, ರಟ್ಟಿನ ಪೆಟ್ಟಿಗೆಯ ಕಾರ್ಖಾನೆ, ಎಲ್ಲಿಂದ ಕರೆ ಬಂದರೂ ಅತ್ತಿಗೆ ಅವನನ್ನು ಕಳಿಸಿಕೊಟ್ಟಳು. ಅವನೂ ಪಳಗಿದ. ತೋಳಿನ ಗುಂಡಿಯನ್ನು ಯಾವಾಗ ಬಿಚ್ಚಬೇಕು, ಎಲ್ಲಿ ದನಿ ತಗ್ಗಿಸಬೇಕು, ಯಾವ ಮಾತಿಗೆ ಹೆಂಗಸರು ಕಣ್ಣೊರೆಸಿಕೊಳ್ಳುತ್ತಾರೆ, ಎಲ್ಲ ಕರಗತವಾಯಿತು. ಹುಟ್ಟಿದಾಗಿನಿಂದ ಅವನ ಮಾತನ್ನು ಯಾರೂ ಪೂರ್ತಿ ಕೇಳಿದ್ದಿಲ್ಲ. ಈಗ ಊರೇ ಕೇಳುತ್ತಿತ್ತು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ನಿಂತು "ನಾನೇ ಕಟ್ಟಿದ್ದು" ಎಂಬುದನ್ನು ನಾಲ್ಕಾರು ರೀತಿಯಲ್ಲಿ ಹೇಳಿ ನೋಡುತ್ತಿದ್ದಾಗ ಹೆಂಡತಿಗೆ ತಡೆಯಲಾಗಲಿಲ್ಲ.

"ಕೈ ಕೊಟ್ಟಿದ್ದು ಸಾಲ್ದು ಅಂತ ನಾಲಿಗೇನೂ ಕೊಟ್ರೇನ್ರೀ ಅವರಿಗೆ?"

"ನಿನಗೇನು ಗೊತ್ತು? ಜನ ಚಪ್ಪಾಳೆ ತಟ್ತಾರೆ" ಎಂದ ಅವನು. ಹೆಂಡತಿ ಮತ್ತೆ ಆ ಮಾತು ಎತ್ತಲಿಲ್ಲ. ಅವನ ಗುಂಡಿ ಹಾಕಿಕೊಡುವುದನ್ನೂ ಬಿಟ್ಟಳು.

ಇದು ವರ್ಷಗಟ್ಟಲೆ ನಡೆಯಿತು. ಆಮೇಲೆ ಅತ್ತಿಗೆ ಇನ್ನೊಂದು ಮೆಷಿನ್ ತರಿಸಿದಳು. ಸುತ್ತಲೂ ಮುಚ್ಚಿದ್ದು. ಶೀಟನ್ನು ಅದೇ ಕಚ್ಚಿ ಎಳೆದುಕೊಳ್ಳುತ್ತಿತ್ತು. ಒಳಗೆ ಕೈ ಹಾಕಬೇಕೆಂದರೂ ಸಂದಿಯಿಲ್ಲ. ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದ ಮೇಲೆ ಅತ್ತಿಗೆ ಇವನನ್ನೂ ಕೋಣೆಗೆ ಕರೆದಳು.

"ಕೈ ಸಿಗೋ ಜಾಗಾನೇ ಇಲ್ವಲ್ಲ ಇನ್ನು. ಎಲ್ಲ ಕಡೆ ಇಂಥವೇ ಬರ್ತಿವೆ. ನೀನು ಬಂದು ಏನಂತ ಹೇಳ್ತೀಯ? ನಾಳೆಯಿಂದ ಆರಾಮಾಗಿ ಮನೇಲಿರು."

"ಸಾಯೋವರೆಗೆ ಅಂದಿದ್ರಿ."

"ಅಂದಿದ್ದೆ. ಆಗ ಈ ಮೆಷಿನ್ ಇರ್ಲಿಲ್ಲ."

ಇಸ್ತ್ರಿ ಮಾವ ಮೇಜಿನ ಹತ್ತಿರಕ್ಕೆ ಬಂದ. "ಪಟ್ಟಿ ಕಟ್ಟು ಅಂದೋರು ನೀವು ಅತ್ತಿಗೆ. ಎಲ್ಲರಿಗೂ ಹೇಳ್ತೀನಿ."

ಅತ್ತಿಗೆ ಸಿಟ್ಟಾಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡಳು. "ಹೇಳು. ಯಾರು ನಂಬ್ತಾರೆ? ಊರೆಲ್ಲ ತಿರುಗಿ ಅಷ್ಟು ಚೆನ್ನಾಗಿ ಹೇಳಿದವನು ನೀನೇ ಅಲ್ವಾ?"

ಹೆಂಡತಿಯನ್ನು ಅತ್ತಿಗೆ ತೆಗೆಯಲಿಲ್ಲ. ಹೊಸ ಮೆಷಿನ್ನಿನ ಹಲ್ಲಿಗೆ ಶೀಟು ಹೆಚ್ಚು ಹರಿಯುತ್ತಿತ್ತು, ತೇಪೆ ಹಾಕುವವರು ಬೇಕಿತ್ತು. ಅವಳು ದಿನಾ ಬೆಳಿಗ್ಗೆ ಊಟದ ಡಬ್ಬಿ ಹಿಡಿದು ಹೊರಟರೆ ಇವನು ಬಸ್‌ಸ್ಟಾಪಿನವರೆಗೆ ಜೊತೆಗೆ ಹೋಗಿ, ಬಸ್ಸು ಹೋದ ಮೇಲೂ ಅಲ್ಲೇ ಕೂತಿರುತ್ತಿದ್ದ. ಪಕ್ಕದಲ್ಲಿ ಯಾರು ಕೂತರೂ ತೋಳು ಮಡಚಿ ತೋರಿಸಿ ನಿಜವನ್ನೇ ಹೇಳುತ್ತಿದ್ದ: ಅತ್ತಿಗೆ ಕಟ್ಟು ಅಂದಳು, ಕಟ್ಟಿದೆ.

ಒಮ್ಮೆ ಬೇಕರಿಯ ಕೆಲಸದವನೊಬ್ಬ ಸಿಕ್ಕಿದ. ಇವನ ಭಾಷಣವನ್ನು ಹಿಂದೆ ಕೇಳಿದ್ದವನು. ಗುರುತು ಹಿಡಿದು ಖುಷಿಯಿಂದ ಹತ್ತಿರ ಸರಿದು ಕೂತ. ಇವನು ಹೇಳಿ ಮುಗಿಸುವವರೆಗೂ ಕೇಳಿ, ಮುಖ ಸಣ್ಣದು ಮಾಡಿಕೊಂಡು ತಲೆಯಾಡಿಸಿದ.

"ಇಲ್ಲ ಮಾವ, ಆವತ್ತು ನೀವು ಹೀಗೆ ಹೇಳ್ಲಿಲ್ಲ. ತಪ್ಪು ನಂದೇ ಅಂದಿದ್ರಿ. ನಾನು ಮನೆಗೆ ಹೋಗಿ ಮಕ್ಕಳಿಗೆಲ್ಲ ಹೇಳಿದ್ದೆ, ಮನುಷ್ಯ ಅಂದ್ರೆ ಹೀಗಿರ್ಬೇಕು ಅಂತ." ಅವನು ಎದ್ದು ನಿಂತ. "ಈ ವಯಸ್ಸಲ್ಲಿ ಮನೆ ಹೆಂಗಸಿನ ಮೇಲೆ ಹಾಕ್ತಿದ್ದೀರಲ್ಲ."

ಬಸ್ಸು ಬಂತು. ಅವನು ಹತ್ತಿ ಹೋದ.